ನರದ ನೋವಿದ್ದರೂ ಓಡಾಡೋದು ಹೇಗೆ: ಹುಬ್ಬಳ್ಳಿ-ಧಾರವಾಡ ಕಡೆಯವರಿಗೆ ಒಂದಿಷ್ಟು ಉಪಾಯ

ನೋವು ಬಂದ ಮೇಲೆ ಕೂರಬೇಡಿ, ಬರುವ ಮೊದಲೇ ಕೂರಿ. ನಾನು ಹೇಳಬೇಕಾದ್ದರಲ್ಲಿ ಮುಕ್ಕಾಲು ಪಾಲು ಇಷ್ಟೇ. ಉಳಿದದ್ದೆಲ್ಲ ಇದನ್ನು ಹುಬ್ಬಳ್ಳಿ ರಸ್ತೆಯಲ್ಲಿ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ರೊಟ್ಟಿ ಬಡಿಯುವ ಅಡುಗೆಮನೆಯಲ್ಲಿ, ತಾಸುಗಟ್ಟಲೆ ನಡೆಯುವ ಮದುವೆಯಲ್ಲಿ ಪಾಲಿಸೋದು ಹೇಗೆ ಅನ್ನುವ ವಿವರ.

ಸೊಂಟದ ಡಿಸ್ಕ್ ನರವನ್ನು ಒತ್ತಿ ನನ್ನ ಎಡಗಾಲಿಗೆ ಈ ನೋವು ಬಂತು. ಒತ್ತಡ ಹೋಯಿತು, ನೋವು ಉಳಿಯಿತು. ನಿಮಗೆ ಸಕ್ಕರೆ ಕಾಯಿಲೆಯಿಂದ ಬಂದಿರಬಹುದು, ಸರ್ಪಸುತ್ತು ಆಗಿ ಹೋದ ಮೇಲೆ ಉಳಿದಿರಬಹುದು, ಕ್ಯಾನ್ಸರ್ ಔಷಧದಿಂದ, ಬಿ12 ಕೊರತೆಯಿಂದ, ಕುಡಿತದಿಂದ ಬಂದಿರಬಹುದು, ಕಾರಣ ಗೊತ್ತಾಗದೆಯೂ ಇರಬಹುದು. ಏನೇ ಇರಲಿ, ದಿನದ ಪಾಡು ಹೆಚ್ಚುಕಮ್ಮಿ ಒಂದೇ. ಉರಿ, ಜುಮುಜುಮು, ಕರೆಂಟ್ ಹೊಡೆದ ಹಾಗೆ ಸೆಳೆತ. ಒಂದು ಕಡೆ ಪೂರ್ತಿ ಮರಗಟ್ಟಿರುತ್ತೆ, ಅದರ ಪಕ್ಕದಲ್ಲೇ ಸೀರೆ ಅಂಚು ತಾಗಿದರೂ ಜೀವ ಹೋಗುತ್ತೆ. ಗಾಯ ಇಲ್ಲ, ಬಾವು ಇಲ್ಲ. ಕೆಟ್ಟ ನರ, ಏನೂ ಆಗದಿದ್ದರೂ ಮಿದುಳಿಗೆ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತೆ. ಹಾಗಾಗಿ ಒಂದು ದಿನ ನೋವು ಜಾಸ್ತಿ ಆಯಿತು ಅಂದ ಮಾತ್ರಕ್ಕೆ ಒಳಗೆ ಏನೋ ಹರಿದುಹೋಯಿತು ಅಂತ ಹೆದರಬೇಕಿಲ್ಲ.

ಆದರೆ ನಡೆಯುವಾಗ ಬರುವ ಕಾಲುನೋವೆಲ್ಲ ನರದ್ದೇ ಆಗಿರಲ್ಲ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತೆ, ಸುಮ್ನೆ ನಿಂತರೆ ಎರಡು ನಿಮಿಷದಲ್ಲಿ ಬಿಡುತ್ತೆ ಅಂದರೆ ರಕ್ತನಾಳ ಕಟ್ಟಿರಬಹುದು. ಗುಟ್ಕಾ, ತಂಬಾಕು, ಬೀಡಿ ಅಭ್ಯಾಸ ಇರುವವರು ಇದನ್ನು ಮೊದಲು ತೋರಿಸಿಕೊಳ್ಳಿ. ನಿಂತರೂ ಹೋಗಲ್ಲ, ಮುಂದೆ ಬಾಗಿದರೆ ಅಥವಾ ಕೂತರೆ ಮಾತ್ರ ಹೋಗುತ್ತೆ ಅಂದರೆ ಬೆನ್ನುಹುರಿಯ ದಾರಿ ಕಿರಿದಾಗಿರುವ ಸಾಧ್ಯತೆ ಇದೆ. ಇಂಥವರಿಗೆ ನೂರು ಹೆಜ್ಜೆ ನಡೆಯೋದು ಕಷ್ಟ, ಸೈಕಲ್ ತುಳಿಯೋದು ಸುಲಭ. ಜನ ಇದನ್ನ ನೋಡಿ ನಾಟಕ ಅಂತಾರೆ. ನಾಟಕ ಅಲ್ಲ, ಸೈಕಲ್ ಮೇಲೆ ಮುಂದೆ ಬಾಗಿ ಕೂತಾಗ ನರಕ್ಕೆ ಜಾಗ ಸಿಗುತ್ತೆ, ಅಷ್ಟೇ.

ಡಾಕ್ಟರ್, ಮಾತ್ರೆ

ಬೇಗ ಹೇಳಿ ಮುಗಿಸುತ್ತೇನೆ, ಯಾಕಂದ್ರೆ ಇದು ನಿಮ್ಮ ಡಾಕ್ಟರ್ ಕೆಲಸ. ಸರ್ಕಾರಿ ಆಸ್ಪತ್ರೆ ಅಂದರೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಡಿಮ್ಹಾನ್ಸ್, ಗದಗದವರಿಗೆ ಜಿಮ್ಸ್, ಹಾವೇರಿಯವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಎಲ್ಲಿಗೆ ಹೋದರೂ ಸಕ್ಕರೆ, ಬಿ12, ಥೈರಾಯ್ಡ್, ಕಿಡ್ನಿ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಮಾಂಸ ತಿನ್ನದ ಮನೆಗಳಲ್ಲಿ ಬಿ12 ಕಡಿಮೆ ಇರೋದು ಸಾಮಾನ್ಯ. ಸಕ್ಕರೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೂ ಬಿ12 ಇಳಿಯಬಹುದು. ಇದು ಸರಿಮಾಡಬಹುದಾದ ಕಾರಣ, ಬಿಡಬೇಡಿ.

ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೊಫೆನಾಕ್ ಥರದ ನೋವಿನ ಗುಳಿಗೆ ನರದ ನೋವಿಗೆ ಹೆಚ್ಚು ನಾಟಲ್ಲ. ದಿನಾ ನುಂಗಿದರೆ ಹೊಟ್ಟೆ, ಕಿಡ್ನಿ ಎರಡೂ ಹಾಳಾಗಬಹುದು. ಇದಕ್ಕೆ ಕೊಡುವ ಮಾತ್ರೆಗಳೇ ಬೇರೆ: ಪ್ರೆಗಾಬಲಿನ್, ಗಾಬಾಪೆಂಟಿನ್, ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್. ಕೆಲವು ಫಿಟ್ಸ್‌ಗೆ, ಕೆಲವು ಮನಸ್ಸಿನ ಕಾಯಿಲೆಗೆ ಅಂತ ಬಂದ ಔಷಧ, ಚೀಟಿ ಗೂಗಲ್ ಮಾಡಿ ಗಾಬರಿ ಆಗಬೇಡಿ. ಸಣ್ಣ ಡೋಸ್‌ನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಗುಣ ಕಾಣಲು ವಾರಗಳೇ ಬೇಕು. ಮೊದಮೊದಲು ಮಂಪರು, ತಲೆ ತಿರುಗುವುದು, ಬಾಯಿ ಒಣಗುವುದು, ಪ್ರೆಗಾಬಲಿನ್‌ಗೆ ಕಾಲು ಊದಿಕೊಳ್ಳುವುದು, ಇವೆಲ್ಲ ಇರಬಹುದು. ಹಾಗಾಗಿ ಶುರುವಿನ ದಿನಗಳಲ್ಲಿ ಸ್ಕೂಟಿ ಹೊಡೆಯಬೇಡಿ, ರಾತ್ರಿ ಬಚ್ಚಲಿಗೆ ಹೋಗುವಾಗ ಲೈಟ್ ಹಾಕಿಕೊಂಡೇ ಏಳಿ. ಗುಣ ಕಂಡಿತು ಅಂತ ಒಮ್ಮೆಲೇ ನಿಲ್ಲಿಸಬೇಡಿ, ಇಳಿಸೋದೂ ಮೆಟ್ಟಿಲು ಮೆಟ್ಟಿಲಾಗಿಯೇ. ಖರ್ಚು ಜಾಸ್ತಿ ಅನ್ನಿಸಿದರೆ ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಇದೆಯಾ ನೋಡಿ.

ಖಾರದ ಕ್ಯಾಪ್ಸೈಸಿನ್ ಮುಲಾಮು ಕೆಲವರಿಗೆ ಹಿಡಿಸುತ್ತೆ. ಅದನ್ನು ಕೇಳಿ ಯಾರೋ ಮೆಣಸಿನಕಾಯಿ ಅರೆದು ಕಾಲಿಗೆ ಹಚ್ಚಿಕೊಂಡಿದ್ದು ಗೊತ್ತು. ಅದೂ ಬ್ಯಾಡಗಿ! ಬಣ್ಣಕ್ಕೆ ಹೆಸರಾದ ಕಾಯಿ ಅದು, ಖಾರ ಕಮ್ಮಿ, ಅಷ್ಟಕ್ಕೇ ಬಚಾವ್ ಆದರು. ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗಲ್ಲ, ದಯವಿಟ್ಟು ಮನೆಯಲ್ಲಿ ಇಂಥ ಪ್ರಯೋಗ ಬೇಡ.

ತಡಮಾಡದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭ ಇವು: ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ತೊಡೆಸಂದು ಮತ್ತು ಕುಂಡಿಯ ಭಾಗ ಜೋಮು ಹಿಡಿಯುವುದು, ಪಾದ ಎತ್ತಲು ಬಾರದೆ ಚಪ್ಪಲಿ ನೆಲಕ್ಕೆ ಎಳೆಯುವುದು, ಒಂದೆರಡು ದಿನದಲ್ಲೇ ಎರಡೂ ಕಾಲಿನ ಬಲ ಹೋಗುವುದು. ಬೆಳಗಾಗಲಿ ಅಂತ ಕಾಯಬೇಡಿ.

ಎಷ್ಟು ನಡೆಯಬೇಕು ಅಂತ ಗಡಿಯಾರ ಹೇಳಲಿ

ನಮ್ಮಲ್ಲಿ ಎಲ್ಲರೂ ಮಾಡೋದು ಒಂದೇ. ಇವತ್ತು ಆರಾಮ ಇದೆ ಅಂದ ಕೂಡಲೇ ದುರ್ಗದಬೈಲಿಗೆ ಹೋಗಿ ಸಂತೆ ಮಾಡಿ, ಬರುವಾಗ ಮಠಕ್ಕೂ ಹೋಗಿ, ಮನೆಗೆ ಬಂದು ಬಟ್ಟೆನೂ ಒಗೆಯೋದು. ಆಮೇಲೆ ಮೂರು ದಿನ ಹಾಸಿಗೆ. ಪಗಾರ ಬಂದ ದಿನವೇ ಪೂರ್ತಿ ಖರ್ಚು ಮಾಡಿ ತಿಂಗಳಿಡೀ ಉದ್ರಿ ತಂದ ಹಾಗೆ. ಇದು ಹೀಗೇ ನಡೆದರೆ ಒಳ್ಳೆ ದಿನಗಳು ಕಡಿಮೆ ಆಗುತ್ತಾ ಹೋಗುತ್ತವೆ, ಕಾಲಿನ ಸ್ನಾಯು ಸೊರಗುತ್ತೆ, ನಡೆಯೋದು ಅಂದರೇ ಭಯ ಹುಟ್ಟುತ್ತೆ.

ಹೀಗೆ ಮಾಡಿ. ಸಾಧಾರಣ ದಿನ, ತೀರಾ ಒಳ್ಳೆಯದೂ ಅಲ್ಲ ತೀರಾ ಕೆಟ್ಟದ್ದೂ ಅಲ್ಲದ ದಿನ, ಮನೆ ಮುಂದಿನ ಸಪಾಟಾದ ಜಾಗದಲ್ಲಿ ನಡೆಯಿರಿ. ನೋವು ಏರಲು ಶುರುವಾಗುವ ಹೊತ್ತಿಗೆ ಎಷ್ಟು ನಿಮಿಷ ಆಗಿರುತ್ತೆ ನೋಡಿ. ಒಂಬತ್ತು ನಿಮಿಷ ಅಂತ ಇಟ್ಕೊಳ್ಳಿ. ನಿಮ್ಮ ಲೆಕ್ಕ ಒಂಬತ್ತಲ್ಲ, ಆರು. ಆರು ನಿಮಿಷಕ್ಕೆ ಮೊಬೈಲ್‌ನಲ್ಲಿ ಅಲಾರಂ ಇಡಿ, ಅದು ಬಡಿದ ಕೂಡಲೇ ಕೂತುಬಿಡಿ. ಇನ್ನೂ ನಡೆಯಬಲ್ಲೆ ಅನ್ನಿಸುತ್ತೆ, ಕಟ್ಟೆ ಮೇಲೆ ಕೂತವರು ಇಷ್ಟು ಬೇಗ ದಣಿದ್ರಾ ಅಂತಾರೆ, ಆದರೂ ಕೂರಿ. ಐದು ಹತ್ತು ನಿಮಿಷ ಬಿಟ್ಟು ಮತ್ತೆ ಆರು. ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಆದರೆ ಒಮ್ಮೆ ಹಲ್ಲು ಕಚ್ಚಿ ನಡೆಯೋದಕ್ಕಿಂತ ದೂರ ಜಾಸ್ತಿ ಆಗಿರುತ್ತೆ, ಮರುದಿನ ಕಾಲು ಸೇಡು ತೀರಿಸಿಕೊಳ್ಳಲ್ಲ. ವಾರ ಎರಡು ವಾರ ಇದು ಸಲೀಸಾದರೆ ಅರ್ಧ ನಿಮಿಷವೋ ಒಂದು ನಿಮಿಷವೋ ಏರಿಸಿ. ಒಳ್ಳೆ ದಿನ ಬಂತು ಅಂತ ಹತ್ತಕ್ಕೆ ಹಾರಬೇಡಿ, ಕೆಟ್ಟ ದಿನ ಬಂತು ಅಂತ ಸೊನ್ನೆಗೆ ಇಳಿಸಬೇಡಿ. ಕೆಟ್ಟ ದಿನ ಎರಡು ನಿಮಿಷ ಪಡಸಾಲೆಯಲ್ಲೇ ಓಡಾಡಿದರೂ ಸಾಕು. ಅದೂ ಆಗದಿದ್ದರೆ ಕುರ್ಚಿ ಮೇಲೆ ಕೂತು ಹಿಮ್ಮಡಿ ಏರಿಸಿ ಇಳಿಸಿ, ಮೊಣಕಾಲು ಒಂದೊಂದಾಗಿ ಚಾಚಿ.

ಉಣಕಲ್ ಕೆರೆ ದಂಡೆ, ಧಾರವಾಡದಲ್ಲಾದರೆ ಸಾಧನಕೇರಿ, ಇಂಥ ಜಾಗ ಈ ಅಭ್ಯಾಸಕ್ಕೆ ಒಳ್ಳೆಯದು, ಕೂರಲು ಎಡೆ ಸಿಗುತ್ತೆ. ನೃಪತುಂಗ ಬೆಟ್ಟದ ಏರು ಸದ್ಯಕ್ಕೆ ಬಿಡಿ. ಒಂದು ಮಾತು ನೆನಪಿಡಿ, ನಡೆದಷ್ಟೇ ದೂರ ವಾಪಸ್ ಬರಬೇಕು. ಆರು ನಿಮಿಷದ ಲೆಕ್ಕ ಅಂದರೆ ಮೂರು ನಿಮಿಷಕ್ಕೇ ತಿರುಗಿ.

ಕೋಲು ಹಿಡಿಯಿರಿ, ಸರಿಯಾಗಿ ಹಿಡಿಯಿರಿ

ಕೋಲು ಹಿಡಿದರೆ ಮುದುಕಿ ಹಾಗೆ ಕಾಣ್ತೀವಿ ಅಂತ ಬಿಟ್ಟವರು ಬಹಳ. ನನ್ನ ಕೇಳಿದರೆ ಹುಬ್ಬಳ್ಳಿ ಟ್ರಾಫಿಕ್‌ನಲ್ಲಿ ಕೋಲಿನಷ್ಟು ಕೆಲಸಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಕಾಲಿಗೆ ಆಸರೆ ಒಂದು ಕಡೆ, ಅದನ್ನು ನೋಡಿದ ಟಂಟಂ ಆಟೋದವನೂ ಸ್ವಲ್ಪ ಬ್ರೇಕ್ ಹಾಕುತ್ತಾನೆ. ನೋವು ಯಾರಿಗೂ ಕಾಣಲ್ಲ, ಕೋಲು ಕಾಣುತ್ತೆ.

ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ ಅಲ್ಯೂಮಿನಿಯಂ ಕೋಲು ಸಿಗುತ್ತೆ. ಪಕ್ಕದಲ್ಲಿ ಸಾಲಾಗಿ ತೂತು ಇರುತ್ತೆ, ಗುಂಡಿ ಒತ್ತಿ ಎತ್ತರ ಹೆಚ್ಚುಕಮ್ಮಿ ಮಾಡಬಹುದು. ದಿನಾ ಹಾಕುವ ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ನಿಂತು ಕೈ ಸಡಿಲ ಬಿಡಿ. ಮಣಿಕಟ್ಟಿನ ಒಳಗಿನ ಗೆರೆ ಇದೆಯಲ್ಲ, ಕೋಲಿನ ಹಿಡಿ ಆ ಎತ್ತರಕ್ಕೆ ಬರಬೇಕು. ಹಿಡಿದು ನಿಂತಾಗ ಮೊಣಕೈ ಒಂಚೂರು ಬಾಗಿರಬೇಕು. ಎತ್ತರ ಜಾಸ್ತಿಯಾದರೆ ಹೆಗಲು ನೋಯುತ್ತೆ, ಕಮ್ಮಿಯಾದರೆ ಸೊಂಟ.

ಇನ್ನು ಯಾವ ಕೈ? ನೋವಿರುವ ಕಾಲಿನ ಎದುರು ಬದಿಯ ಕೈ. ನನಗೆ ಎಡಗಾಲು, ಕೋಲು ಬಲಗೈಯಲ್ಲಿ. ಎಡಗಾಲು ಮುಂದಿಡುವಾಗಲೇ ಕೋಲೂ ಮುಂದೆ. ಸಿನಿಮಾದಲ್ಲಿ ಎಲ್ಲರೂ ಉಲ್ಟಾ ಹಿಡಿದಿರುತ್ತಾರೆ, ಅದನ್ನು ನೋಡಿ ಕಲಿಯಬೇಡಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ನೋವಿನ ಕಾಲು ಮೊದಲು. ಇನ್ನೊಂದು ಕೈ ಕಂಬಿ ಮೇಲೆ.

ತುದಿಯ ರಬ್ಬರ್ ಬುಷ್ ತಿರುಗಿಸಿ ನೋಡುತ್ತಿರಿ. ಗೆರೆಗಳು ಸವೆದು ನುಣ್ಣಗಾಗಿದ್ದರೆ ಅವತ್ತೇ ಬದಲಿಸಿ. ಒದ್ದೆ ಫರಸಿ ಮೇಲೆ ಸವೆದ ಬುಷ್ ಇದ್ದರೆ ಕೋಲೇ ನಿಮ್ಮನ್ನು ಬೀಳಿಸುತ್ತೆ. ಮಳೆಗಾಲದಲ್ಲಿ ನಮ್ಮ ಎರೆ ಮಣ್ಣಿನದ್ದು ಬೇರೆಯೇ ಕಥೆ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಬುಷ್ ಸುತ್ತ ನಿಂಬೆಹಣ್ಣಿನ ಗಾತ್ರದ ಕಪ್ಪು ಮುದ್ದೆ ಅಂಟಿರುತ್ತೆ, ರಬ್ಬರ್ ನೆಲಕ್ಕೆ ತಾಗುವುದೇ ಇಲ್ಲ. ಚೀಲದಲ್ಲಿ ಒಂದು ಹಳೇ ಚಮಚ ಇಟ್ಕೊಳ್ಳಿ, ಕೆರೆದು ಒರೆಸಿ ಮುಂದೆ ಹೋಗಿ. ನಾಲ್ಕು ಕಾಲಿನ ಕೋಲು ಮನೆಯೊಳಗೆ ಚೆನ್ನ, ನಮ್ಮ ರಸ್ತೆಯ ಹೊಂಡದಲ್ಲಿ ಮೂರೇ ಕಾಲು ಊರುತ್ತೆ.

ಬಸ್, ರೈಲು, ಮದುವೆ

ಹುಬ್ಬಳ್ಳಿ-ಧಾರವಾಡದ ನಡುವೆ ಹೋಗುವುದಾದರೆ ಚಿಗರಿ ಬಸ್ ನೋಡಿ. ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟ, ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಆದರೆ ನಿಲ್ದಾಣ ಇರೋದು ರಸ್ತೆ ನಡುವೆ, ಹಾಗಾಗಿ ದಾಟೋದೇ ದೊಡ್ಡ ಕೆಲಸ. ಬಸ್ಸಿಗೂ ಕಟ್ಟೆಗೂ ನಡುವಿನ ಸಂದು ಒಮ್ಮೊಮ್ಮೆ ಜಾಸ್ತಿ ಇರುತ್ತೆ, ಕೋಲಿನ ತುದಿ ಅದರಲ್ಲಿ ಸಿಕ್ಕಿಕೊಳ್ಳದ ಹಾಗೆ ಮೊದಲು ಕೋಲನ್ನು ಒಳಗೆ ಊರಿ, ಆಮೇಲೆ ಕಾಲಿಡಿ. ಆಫೀಸ್ ಮತ್ತು ಕಾಲೇಜ್ ಹೊತ್ತು ಬಿಟ್ಟು ಹೋದರೆ ಸೀಟು ಸಿಗುತ್ತೆ.

ದೂರದ ಕೆಂಪು ಬಸ್ಸಿನಲ್ಲಿ ತೊಂದರೆ ನಡಿಗೆಯದ್ದಲ್ಲ, ಒಂದೇ ಭಂಗಿಯಲ್ಲಿ ಕೂರುವುದರದ್ದು. ಇಲ್ಲಿ ಹೆಂಗಸರಿಗೆ ಒಂದು ಅನುಕೂಲ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ದುಡ್ಡಿಲ್ಲ, ಅಂದ ಮೇಲೆ ಗದಗಕ್ಕೆ ಒಂದೇ ಉಸಿರಿನಲ್ಲಿ ಹೋಗಬೇಕು ಅಂತ ಏನೂ ಇಲ್ಲ. ಅಣ್ಣಿಗೇರಿಯಲ್ಲಿ ಇಳಿಯಿರಿ, ಚಹಾ ಕುಡಿಯಿರಿ, ನಾಲ್ಕು ಹೆಜ್ಜೆ ಅಡ್ಡಾಡಿ, ಮುಂದಿನ ಬಸ್ ಹಿಡಿಯಿರಿ. ಹಾವೇರಿ ಕಡೆಗಾದರೆ ಶಿಗ್ಗಾಂವಿಯಲ್ಲಿ ಇಳಿಯಬಹುದು. ಅರ್ಧ ತಾಸು ತಡ ಆಗುತ್ತೆ, ಸಂಜೆ ಕಾಲು ಕೇಳುವ ಹಾಗಿರುತ್ತೆ.

ಹುಬ್ಬಳ್ಳಿ ರೈಲು ನಿಲ್ದಾಣದ ಬಗ್ಗೆ ಹೇಳಲೇಬೇಕು. ಜಗತ್ತಿನಲ್ಲೇ ಉದ್ದದ ಪ್ಲಾಟ್‌ಫಾರ್ಮ್, 1507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಊರಿಗೆ ಹೆಮ್ಮೆ, ನಮ್ಮಂಥವರಿಗೆ ಪೀಕಲಾಟ. ತಪ್ಪು ಕಡೆಯಿಂದ ಹೊಕ್ಕರೆ ಒಂದು ದಿನದ ನಡಿಗೆ ಅಲ್ಲೇ ಮುಗಿಯುತ್ತೆ. ಮನೆ ಬಿಡುವ ಮೊದಲೇ ನಿಮ್ಮ ಬೋಗಿ ಎಲ್ಲಿ ನಿಲ್ಲುತ್ತೆ, ಯಾವ ದ್ವಾರ ಹತ್ತಿರ ಅಂತ 139ಕ್ಕೆ ಫೋನ್ ಮಾಡಿಯೋ ವಿಚಾರಣೆ ಕೌಂಟರ್‌ನಲ್ಲೋ ಕೇಳಿಕೊಳ್ಳಿ, ಗಾಲಿಕುರ್ಚಿ ಕೇಳಲು ಸಂಕೋಚ ಬೇಡ. ಗಾಲಿಕುರ್ಚಿಯಲ್ಲಿ ಕೂತವರು ಬೋಗಿ ಬಂದ ಮೇಲೆ ಎದ್ದು ನಡೆದರೆ ಜನ ಕಣ್ಣು ಬಿಟ್ಟು ನೋಡ್ತಾರೆ. ನೋಡಲಿ ಬಿಡಿ. ನಡೆಯಲು ಬರುವವರೂ ಒಂದೂವರೆ ಕಿಲೋಮೀಟರ್ ನಡೆಯಲಾರದೆ ಇರಬಹುದು.

ಮದುವೆಗೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಹೋಗಿ, ಬೆಳಗ್ಗೆಯಿಂದ ಹೋಗಿ ಕೂರಬೇಡಿ. ಆಯೇರಿ (ಉಡುಗೊರೆ) ಕೊಡುವ ಸಾಲು ಉದ್ದ ಇದ್ದರೆ ಮನೆಯವರನ್ನು ಸಾಲಿಗೆ ನಿಲ್ಲಿಸಿ, ವೇದಿಕೆ ಹತ್ತಿರ ಬಂದಾಗ ಎದ್ದು ಹೋಗಿ. "ಅಣ್ಣಾರ, ಒಂದು ಕುರ್ಚಿ ಹಾಕ್ರಿ, ಕಾಲು ನಿಲ್ಲಾಂಗಿಲ್ಲ" ಅಂದರೆ ಇಲ್ಲ ಅನ್ನುವವರು ನಮ್ಮ ಕಡೆ ಯಾರೂ ಇಲ್ಲ. ಕೇಳಬೇಕು ಅಷ್ಟೇ.

ಮನೆಯೊಳಗೆ

ರೊಟ್ಟಿ. ನಿಂತು ಬಡಿದರೂ ಕಷ್ಟ, ನೆಲಕ್ಕೆ ಕೂತು ಬಡಿದರಂತೂ ಏಳೋದು ಇನ್ನೂ ಕಷ್ಟ. ಕಟ್ಟೆಗೆ ಸರಿಹೋಗುವ ಎತ್ತರದ ಸ್ಟೂಲ್ ಮಾಡಿಸಿ, ಕಾಲಿಡಲು ಅಡ್ಡಪಟ್ಟಿ ಇರಲಿ, ನೋವಿನ ಕಾಲನ್ನು ಅದರ ಮೇಲೆ ಇಟ್ಟು ಅರ್ಧ ಕೂತು ಅರ್ಧ ನಿಂತು ಬಡಿಯಬಹುದು. ಇದಕ್ಕಿಂತ ದೊಡ್ಡ ಉಪಾಯ ನಮ್ಮ ಹಿರಿಯರೇ ಮಾಡಿಟ್ಟಿದ್ದಾರೆ, ಖಡಕ್ ರೊಟ್ಟಿ. ಸಾಧಾರಣ ದಿನಗಳಲ್ಲಿ ಐದೈದು ಹೆಚ್ಚಿಗೆ ಮಾಡಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಡಿ. ಕೆಟ್ಟ ದಿನ ಬಂದರೆ ಶೇಂಗಾ ಚಟ್ನಿ, ಮೊಸರು, ಡಬ್ಬಿ ರೊಟ್ಟಿ, ಊಟ ಆಯ್ತು. ಇಲ್ಲದಿದ್ದರೆ ಕೊಂಡು ತನ್ನಿ, ಓಣಿಗೊಬ್ಬರು ಮಾಡಿ ಮಾರುವವರು ಇದ್ದಾರೆ. ಕೊಂಡ ರೊಟ್ಟಿ ತಿಂದರೆ ಮನೆ ಮರ್ಯಾದೆ ಏನೂ ಹೋಗಲ್ಲ, ಅತ್ತೆಯವರು ಏನೇ ಹೇಳಲಿ.

ಬಚ್ಚಲು ಮತ್ತು ಪಾಯಿಖಾನೆಗೆ ಮೊದಲು ಖರ್ಚು ಮಾಡಿ, ಟಿವಿ ಆಮೇಲೆ. ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ ಇದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತೆ. ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿ, ನಲ್ಲಿ ಹಿಡಿದು ಏಳುವ ಅಭ್ಯಾಸ ಬಿಡಿ, ಅದು ಕಿತ್ತು ಬರುತ್ತೆ. ಎತ್ತರದ ಹೊಸ್ತಿಲಿಗೆ ಹಳದಿ ಬಣ್ಣ ಬಳಿದರೆ ಮಬ್ಬುಗತ್ತಲಲ್ಲೂ ಕಾಣುತ್ತೆ.

ರಾತ್ರಿ ನೋವು ಜಾಸ್ತಿ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ಚಳಿಗೆ ಕೌದಿ ಬೇಕು, ಆದರೆ ಕೌದಿಯ ಭಾರವೇ ಪಾದಕ್ಕೆ ತಡೆಯಲ್ಲ. ಹಾಸಿಗೆಯ ಕಾಲಕಡೆ ಒಂದು ಗಿಡ್ಡ ಮಣೆಯನ್ನೋ ರಟ್ಟಿನ ಡಬ್ಬಿಯನ್ನೋ ಇಟ್ಟು ಅದರ ಮೇಲೆ ಕೌದಿ ಹೊದಿಸಿ. ಒಳಗೆ ಪಾದ ಬೆಚ್ಚಗೆ ಇರುತ್ತೆ, ಮೇಲೆ ಏನೂ ತಾಗಲ್ಲ. ಬಿಸಿನೀರಿನ ಚೀಲ ಮಾತ್ರ ಮರಗಟ್ಟಿದ ಕಾಲಿಗೆ ಬೇಡ.

ಮರಗಟ್ಟಿದ ಪಾದ ಇರುವವರಿಗೆ ಇನ್ನೊಂದೆರಡು ಮಾತು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಎಂಸಿಆರ್ ಅನ್ನುವ ಮೆತ್ತನೆಯ ರಬ್ಬರಿನ ಚಪ್ಪಲಿ ಸಿಗುತ್ತೆ, ಹಿಂದೆ ಪಟ್ಟಿ ಇರುವುದನ್ನೇ ಆರಿಸಿ. ಗುಡಿಗೆ ಹೋದರೆ ಬೆಳಗ್ಗೆಯೋ ಸಂಜೆಯೋ ಹೋಗಿ, ಕಾಲುಚೀಲ ಹಾಕಿಕೊಂಡು ಹೋಗಿ. ಮಧ್ಯಾಹ್ನದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕಿ ಮನೆಗೆ ಬಂದ ಮೇಲೆ ಬೊಬ್ಬೆ ನೋಡಿ ಗಾಬರಿ ಆದವರು ಇದ್ದಾರೆ. ದಿನಾ ರಾತ್ರಿ ಪಾದದ ಕೆಳಗೆ ಕನ್ನಡಿ ಹಿಡಿದು ನೋಡಿ, ಬೆರಳ ಸಂದು ಒಣ ಬಟ್ಟೆಯಿಂದ ಒರೆಸಿ. ಸಣ್ಣ ಗಾಯವಾದರೂ ಸಕ್ಕರೆ ಕಾಯಿಲೆಯವರು ಅರಿಶಿನ ಮೆತ್ತಿ ಸುಮ್ಮನಿರಬೇಡಿ.

ಜನ, ಮನಸ್ಸು, ಕಾಗದಪತ್ರ

"ಏನ್ರೀ ಅಕ್ಕಾರ, ನೋಡಾಕ ಆರಾಮ ಅದೀರಲ್ರೀ, ಕೋಲು ಯಾಕ ಹಿಡ್ಕೊಂಡೀರಿ?" ದಿನಾ ಕೇಳುವ ಪ್ರಶ್ನೆ. ಎಂಆರ್‌ಐ ಕಥೆಯೆಲ್ಲ ಹೇಳಲು ಹೋಗಬೇಡಿ, ಹೇಳಿದರೆ ಹತ್ತು ನಾಟಿ ವೈದ್ಯರ ವಿಳಾಸ ಸಿಗುತ್ತೆ. "ನರದ ತ್ರಾಸು ಐತ್ರೀ, ಹತ್ತು ನಿಮಿಷಕ್ಕೊಮ್ಮೆ ಕೂಡಬೇಕು" ಅಂದರೆ ಸಾಕು. ಮನೆಯವರಿಗೆ ಮಾತ್ರ ಬಿಡಿಸಿ ಹೇಳಿ. "ನೋವು" ಅಂದರೆ ಅವರಿಗೆ ಏನು ಮಾಡಬೇಕೋ ತಿಳಿಯಲ್ಲ. "ಇವತ್ತು ನೀರು ನೀವು ತುಂಬ್ರಿ, ಒಗ್ಗರಣೆ ನಾ ಹಾಕ್ತೀನಿ" ಅಂದರೆ ತಿಳಿಯುತ್ತೆ. ನಿದ್ದೆ ಕೆಟ್ಟು, ಮಂದಿ ಮಾತು ಕೇಳಿ, ಬದುಕೇ ಸಾಕು ಅನ್ನುವಷ್ಟು ಮನಸ್ಸು ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಅಂಗವೈಕಲ್ಯ ಪ್ರಮಾಣಪತ್ರದ ಬಗ್ಗೆ ಬಹಳ ಜನ ಕೇಳ್ತಾರೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಹೆಚ್ಚಿನ ಸವಲತ್ತಿಗೆ ಕನಿಷ್ಠ ಶೇ 40 ಆಗಬೇಕು. ತೊಡಕು ಏನಂದ್ರೆ ನೋವನ್ನು ಅಳೆಯಲು ಬರಲ್ಲ. ಅವರು ನೋಡೋದು ಕಾಲಿನ ಬಲ, ಕೀಲು ಎಷ್ಟು ಮಡಚುತ್ತೆ, ಒಂಟಿ ಕಾಲಲ್ಲಿ ನಿಲ್ಲಲು ಬರುತ್ತಾ, ಮೆಟ್ಟಿಲು ಹತ್ತಲು ಬರುತ್ತಾ, ಇಂಥವು. ಹಾಗಾಗಿ ನರದ ಪರೀಕ್ಷೆಯ ವರದಿ, ಎಂಆರ್‌ಐ, ಫಿಸಿಯೋಥೆರಪಿ ಚೀಟಿ, ಎಲ್ಲ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಇಟ್ಟುಕೊಳ್ಳಿ, ಅವತ್ತು ಕೋಲು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅರ್ಜಿ ಸ್ವಾವಲಂಬನ್ ಜಾಲತಾಣದಲ್ಲಿ ಹಾಕಬೇಕು, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಅಲ್ಲಿಂದಲೇ ಬರುತ್ತೆ. ಹಳ್ಳಿಯವರು ಇದಕ್ಕಾಗಿ ಪೇಟೆಗೆ ಓಡಬೇಕಿಲ್ಲ, ಗ್ರಾಮ ಪಂಚಾಯಿತಿಯಲ್ಲಿ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅರ್ಜಿ ತುಂಬಲು ಅವರೇ ನೆರವಾಗುತ್ತಾರೆ. ತಪಾಸಣೆಯ ದಿನ ಆಸ್ಪತ್ರೆಯಲ್ಲಿ ಸಾಲು ಉದ್ದ ಇರುತ್ತೆ, ಮಡಚುವ ಸ್ಟೂಲ್ ಒಂದನ್ನು ಜೊತೆಗೆ ಬರುವವರ ಕೈಗೆ ಕೊಟ್ಟಿರಿ. ಕಾರ್ಡ್ ಬಂದ ಮೇಲೆ ಬಸ್ಸಿನ ರಿಯಾಯಿತಿ ಪಾಸಿಗೂ ಅರ್ಜಿ ಹಾಕಬಹುದು, ಗಂಡಸರಿಗೆ ಇದು ಹೆಚ್ಚು ಉಪಯೋಗ. ಪಾಸ್ ವರ್ಷ ವರ್ಷ ನವೀಕರಿಸಬೇಕು, ಅವಧಿ ಮುಗಿಯುವ ತಿಂಗಳನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.